ಅಕ್ಕ ಸದ್ದು ಏರಿಸಲಿಲ್ಲ

ಹೆವಿ ಮೆಟಲ್ ಅಂದರೆ ಗಲಾಟೆ, ಗಲಾಟೆಗೆ ಎಂಥ ಗುಣಮಟ್ಟ ಎಂದು ಕೇಳುವವರ ಜೊತೆ ನಾನು ಒಂದು ಕಾಲದಲ್ಲಿ ಅಂಗಿ ಹಿಡಿದು ಜಗಳವಾಡುತ್ತಿದ್ದೆ. ಈಗ ಅಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ. ನೇರವಾಗಿ ನಮ್ಮ ಅಕ್ಕನ ಕೋಣೆಗೆ ಕರೆದುಕೊಂಡು ಹೋಗಿ, ಹಳೇ ಸೋಫಾದ ಮೇಲೆ ಕೂರಿಸಿ, ಒಂದು ಹಾಡು ಹಚ್ಚಿ, ಬಾಗಿಲು ಎಳೆದುಬಿಡುತ್ತೇನೆ. ಹೊರಗೆ ಬಂದವರಲ್ಲಿ ಕೆಲವರಿಗೆ ಇಷ್ಟವಾಗಿರುತ್ತದೆ, ಕೆಲವರಿಗೆ ತಲೆನೋವು ಬಂದಿರುತ್ತದೆ. ಗಲಾಟೆ ಎಂದು ಮಾತ್ರ ಇದುವರೆಗೆ ಒಬ್ಬರೂ ಹೇಳಿಲ್ಲ. ಗಲಾಟೆಯಲ್ಲಿ ಯಾರು ಏನು ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ಅಕ್ಕನ ಕೋಣೆಯಲ್ಲಿ ತಿಳಿಯುತ್ತದೆ.

ಅಕ್ಕನಿಗೆ ಐವತ್ತೆಂಟು. ನನಗಿಂತ ಎಂಟು ವರ್ಷ ದೊಡ್ಡವಳು. ಮೂಗಿನ ಮೇಲೆ ಜಾರುವ ಕನ್ನಡಕ, ಮೊಣಕೈ ಸವೆದ ಬೂದು ಸ್ವೆಟರು, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲು. ಎದುರು ಮನೆಗೆ ಹೊಸದಾಗಿ ಬಂದವರು ಅವಳನ್ನು ನೋಡಿ, ಮಗಳನ್ನು ಗಣಿತದ ಪಾಠಕ್ಕೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದ್ದರು. ಮಾರನೆಯ ದಿನ ಸೊಂಟದವರೆಗೆ ಕೂದಲು ಬಿಟ್ಟ, ತಲೆಬುರುಡೆ ಚಿತ್ರದ ಕಪ್ಪಂಗಿ ತೊಟ್ಟ ನಾಲ್ಕು ಜನ ನಮ್ಮ ಬಾಗಿಲಲ್ಲಿ ಶೂ ಬಿಚ್ಚಿಟ್ಟು, ಕೈಕಟ್ಟಿ ನಿಂತು "ಅಕ್ಕಾ, ಒಳಗೆ ಬರ್ಬೋದಾ?" ಎಂದು ಕೇಳಿದ್ದನ್ನು ನೋಡಿದ ಮೇಲೆ ಪಾಠದ ಮಾತು ಎತ್ತಲಿಲ್ಲ.

ಅಕ್ಕನ ಕೆಲಸಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಹಾಡು ಹಾಡಿ, ಬಾರಿಸಿ, ಎಲ್ಲ ವಾದ್ಯಗಳನ್ನೂ ಒಂದಕ್ಕೊಂದು ಹೊಂದಿಸಿದ ಮೇಲೆ, ಆಲ್ಬಮ್ಮು ಜನರ ಕೈಗೆ ಹೋಗುವ ಮೊದಲು ಕೊನೆಯದಾಗಿ ಒಬ್ಬರು ಕೂತು ಕೇಳಬೇಕು. ಎಲ್ಲಿ ಕಿವಿಗೆ ಚುಚ್ಚುತ್ತದೆ, ಎಲ್ಲಿ ಮಂಕಾಗಿದೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾದಾಗ ಸದ್ದು ಎಗರಿಬೀಳುತ್ತದೆಯೋ ಹೇಗೆ, ಇದನ್ನೆಲ್ಲ ತಿದ್ದಿ ಒಂದು ಪ್ರತಿ ಮಾಡಿಕೊಡಬೇಕು. ಅದೇ ಮಾಸ್ಟರು. ಆಮೇಲೆ ಲಕ್ಷ ಪ್ರತಿ ತೆಗೆದರೂ ಎಲ್ಲದಕ್ಕೂ ಅದೊಂದೇ ತಾಯಿ.

ಇದನ್ನು ಅವಳಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಹದಿನೇಳನೇ ವಯಸ್ಸಿಗೆ ಕ್ಯಾಸೆಟ್ ಕಾರ್ಖಾನೆ ಸೇರಿದಳು. ಉದ್ದನೆಯ ಹಾಲು, ಗೋಡೆಯುದ್ದಕ್ಕೂ ನಲವತ್ತು ಯಂತ್ರ, ನಲವತ್ತರಿಂದಲೂ ಒಂದೇ ಹಾಡಿನ ಪ್ರತಿ ಇಳಿಯುತ್ತಿತ್ತು. ಹತ್ತಕ್ಕೊಂದು ಕ್ಯಾಸೆಟ್ಟನ್ನು ಹೆಡ್‌ಫೋನಿನಲ್ಲಿ ಕೇಳಿ ಪಾಸು ಮಾಡುವುದು ಅವಳ ಕೆಲಸ. ಮೂರನೇ ತಿಂಗಳಿಗೇ ಕೂತಲ್ಲಿಂದ ಏಳದೆ ಹೇಳಿದಳಂತೆ:

"ಹನ್ನೊಂದನೇ ಮಿಷಿನ್ನಿನ ಹೆಡ್ ಕೊಳೆ ಆಗಿದೆ. ಒರೆಸ್ಬೇಕು."

"ಹೋಗಿ ನೋಡಿದ್ಯಾ?" ಎಂದ ಸೂಪರ್‌ವೈಸರ್.

"ನೋಡೋದೇನು ಸಾರ್, ಕೇಳ್ತಿದೆಯಲ್ಲ."

ಟೇಪು ತಾಗುವ ಆ ಹೆಡ್ಡನ್ನು ಒರೆಸಿದ ಹತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಆವತ್ತಿನಿಂದ ಕಾರ್ಖಾನೆಯಲ್ಲಿ ಅವಳ ಹೆಸರು ಕಿವಿ. ಮೆಟಲ್ ಕ್ಯಾಸೆಟ್ಟು ಬಂದರೆ ಉಳಿದ ಹೆಂಗಸರು "ಇದು ಕಿವೀಗೆ ಕೊಡ್ರೇ, ನಮ್ಗೆ ಆಗಲ್ಲ" ಎಂದು ಅವಳ ಮೇಜಿಗೆ ತಳ್ಳುತ್ತಿದ್ದರು. ಹಾಗೆ ತಳ್ಳಿದ್ದನ್ನೇ ಅವಳು ಹಿಡಿದುಕೊಂಡಳು. ಬೇರೆ ಹಾಡಿನಲ್ಲಿ ಒಂದು ತಪ್ಪಿದ್ದರೆ ಯಾರಿಗಾದರೂ ಕೇಳುತ್ತದೆ, ಇದರಲ್ಲಿ ಹುಡುಕಬೇಕು, ಅದಕ್ಕೇ ನಂಗೆ ಇಷ್ಟ ಎನ್ನುತ್ತಿದ್ದಳು.

ಕಾರ್ಖಾನೆ ಮುಚ್ಚಿದಾಗ ನಮ್ಮಪ್ಪ ಇನ್ನೂ ಇದ್ದರು. ಅಪ್ಪ ಹಾಸಿಗೆ ಹೊಲಿಯುವವರು. ಮನೆಯ ಕೆಳಗಿನ ಎರಡು ಕೋಣೆಯೂ ಅವರ ಹತ್ತಿಯಿಂದ ತುಂಬಿರುತ್ತಿತ್ತು. ಹಿಂದಿನ ಕೋಣೆ ಬಿಟ್ಟುಕೊಡಿ, ಸ್ವಂತ ಕೆಲಸ ಮಾಡ್ತೀನಿ ಎಂದಳು ಅಕ್ಕ. ಅಪ್ಪ ಹದಿನೈದು ದಿನ ಕೂತು ಗೋಡೆಗೆ ಹಾಸಿಗೆ ಹೊಲಿದರು. ಚಾವಣಿಗೂ ಹೊಲಿದರು. "ಗೋಡೆ ನಿದ್ದೆ ಮಾಡ್ಲಿ, ನೀನು ಎದ್ದಿರು" ಎಂದರು. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ದೊಡ್ಡ ದೊಡ್ಡ ಸ್ಟುಡಿಯೋದವರು ಏನೇನೋ ಹಾಕಿಸುತ್ತಾರೆ. ನಮ್ಮಲ್ಲಿ ಹತ್ತಿ. ಮುಂದಿನ ಕೋಣೆಯಲ್ಲಿ ನನ್ನ ಸ್ಪೀಕರ್ ರಿಪೇರಿ ಅಂಗಡಿ. ಏಳನೇ ಕ್ಲಾಸಿಗೆ ಮೇಷ್ಟ್ರ ಜೊತೆ ಜಗಳವಾಡಿ ಶಾಲೆ ಬಿಟ್ಟವನಿಗೆ ಕೈಹಿಡಿದ ವಿದ್ಯೆ ಅದೊಂದೇ. ಹರಿದ ಕಾಗದದ ಕೋನು ಬದಲಿಸುವುದು, ಸುಟ್ಟ ಕಾಯಿಲು ಸುತ್ತುವುದು. ಅಕ್ಕ ಕೇಳುವ ಎರಡು ಸ್ಪೀಕರು ನನ್ನ ಕೈಯವೇ.

ಈಗ ಗೂಳಿಯ ವಿಷಯಕ್ಕೆ ಬರುತ್ತೇನೆ. ಅಕ್ಕ ಎಂಥವಳೆಂದು ಹೇಳಬೇಕಾದರೆ ಗೂಳಿಯನ್ನು ಬಿಟ್ಟು ಆಗುವುದಿಲ್ಲ.

ಗೂಳಿ ಒಂದು ಬ್ಯಾಂಡಿನ ಡ್ರಮ್ಮರು. ಹೊಟ್ಟೆಪಾಡಿಗೆ ಸವೆದ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿಯಲ್ಲಿ ಕೆಲಸ. ವಯಸ್ಸು ಮೂವತ್ತನಾಲ್ಕು, ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಅವನ ಬಲ ಮಣಿಕಟ್ಟಿನ ಮೂಳೆ ಒಂದಕ್ಕೊಂದು ಉಜ್ಜಿ ಸವೆದುಹೋಗಿತ್ತು. ಆಪರೇಷನ್ ಮಾಡಿ ಕೀಲನ್ನು ಬಿಗಿದುಬಿಡುತ್ತೇವೆ, ನೋವು ಹೋಗುತ್ತದೆ, ಊಟ ಮಾಡಬಹುದು, ಕೆಲಸ ಮಾಡಬಹುದು, ಈ ವೇಗದಲ್ಲಿ ಡ್ರಮ್ ಬಾರಿಸುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಆಪರೇಷನ್ನಿಗೆ ದಿನ ನಿಗದಿಯಾಯಿತು. ಅದಕ್ಕೆ ಮೊದಲು ಎಂಟೂ ಹಾಡಿನ ಡ್ರಮ್ಮು ರೆಕಾರ್ಡ್ ಮಾಡಿ ಮುಗಿಸುತ್ತೇನೆಂದು ಕೂತ ಅವನು. ಆ ಮೂರು ದಿನ ಸ್ಟುಡಿಯೋದ ಸ್ಪೀಕರು ನೋಡಿಕೊಳ್ಳಲು ನಾನೇ ಹೋಗಿದ್ದೆ. ಒಂದೊಂದು ಹಾಡಾದ ಮೇಲೂ ಬಕೆಟ್ಟಿನ ಐಸಿಗೆ ಕೈ ಅದ್ದುತ್ತಿದ್ದ. ನೋಡಲಾಗದೆ ಬೈದೆ.

"ಸಾಕು ಬಿಡೋ ಗೂಳಿ, ಕೈ ಕಳ್ಕೋತೀಯ."

"ಅಣ್ಣಾ, ಹೆಂಗೂ ಡಾಕ್ಟರಿಗೆ ಕೊಡೋ ಕೈ. ಖಾಲಿ ಮಾಡಿ ಕೊಡ್ತೀನಿ."

ಐದನೇ ಹಾಡು ಅಕ್ಕನ ಕೋಣೆಗೆ ಬಂದಾಗ ಅವಳು ಪೆನ್ಸಿಲು ಕೆಳಗಿಟ್ಟು, ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಮೊಣಕಾಲ ಮುಂದೆ ಇಡುವ ಸಣ್ಣ ಡ್ರಮ್ಮಿಗೆ ಸ್ನೇರ್ ಎನ್ನುತ್ತಾರೆ. ಬಂದೂಕಿನ ಹಾಗೆ ಟಪ್ ಎನ್ನುವುದು ಅದೇ. ಆ ಹಾಡಿನ ಮೂರನೇ ನಿಮಿಷದಲ್ಲಿ ಗೂಳಿಯ ಒಂದು ಪೆಟ್ಟು ಜೋರಾಗಿ ಬಿದ್ದು, ಮುಂದಿನದು ಕೂದಲೆಳೆಯಷ್ಟು ಮೆತ್ತಗಾಗಿ, ಅದರ ಮುಂದಿನದು ಮೊದಲಿಗಿಂತ ಜೋರಾಗಿ ಬೀಳುತ್ತದೆ.

"ಕೇಳ್ತಾ?" ಎಂದಳು. "ನೋಯ್ತಿದೆ ಅವನಿಗೆ. ನೋವಾದಾಗೆಲ್ಲ ಮುಂದಿನ ಪೆಟ್ಟಲ್ಲಿ ತೀರಿಸ್ಕೋತಿದಾನೆ."

ಒಂಬತ್ತು ದಿನ ಕೂತು ಮಾಸ್ಟರು ಮಾಡಿದಳು. ಆಲ್ಬಮ್ಮು ಹೊರತರುವ ಕಂಪನಿಗೆ ಕಳಿಸಿದಳು. ನಾಲ್ಕನೇ ದಿನ ಮ್ಯಾನೇಜರ್ ಫೋನು. ಅಕ್ಕ ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿತು.

"ಮೇಡಂ, ತುಂಬಾ ಚೆನ್ನಾಗಿದೆ. ಏನಂದ್ರೆ, ಸದ್ದು ಕಮ್ಮಿ. ಬೇರೆ ಬ್ಯಾಂಡುಗಳ ಪಕ್ಕ ಇಟ್ರೆ ನಮ್ದು ಪಿಸುಗುಟ್ಟಿದ ಹಾಗಿರುತ್ತೆ. ಏರಿಸಿಕೊಡಿ."

"ಸ್ನೇರಿನ ಪೆಟ್ಟು ಆಗ್ಲೇ ಚಾವಣಿ ಮುಟ್ಟಿದೆ. ಇನ್ನೂ ಏರಿಸ್ಬೇಕಂದ್ರೆ ಅದರ ತಲೆ ಕತ್ತರಿಸ್ಬೇಕು."

"ಕತ್ತರಿಸಿ ಮೇಡಂ, ಸ್ವಲ್ಪ. ಯಾರಿಗೆ ಗೊತ್ತಾಗುತ್ತೆ?"

"ಬಾರಿಸಿದವನಿಗೆ ಗೊತ್ತಾಗುತ್ತೆ" ಎಂದು ಫೋನಿಟ್ಟಳು.

ಈ ಚಾವಣಿಯ ವಿಷಯ ತಿಳಿಯದವರಿಗೆ ನಾನು ಹೀಗೆ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಸದ್ದಿಗೆ ಒಂದು ಮಿತಿ ಇದೆ, ಅದರ ಮೇಲೆ ಹೋಗುವಂತಿಲ್ಲ. ಎಲ್ಲ ಜೋರಾಗಲಿ ಎಂದು ಏರಿಸುವುದೆಂದರೆ ಮನೆಯ ಚಾವಣಿ ಹಾಗೇ ಇಟ್ಟು ನೆಲವನ್ನು ಮಾತ್ರ ಎತ್ತರಿಸುತ್ತ ಹೋದ ಹಾಗೆ. ಕುಳ್ಳರಿಗೆ ತೊಂದರೆಯಿಲ್ಲ. ಎತ್ತರದವರ ತಲೆ ಒಂದೋ ಬಗ್ಗಬೇಕು, ಇಲ್ಲವೇ ಹೋಗಬೇಕು. ಮೆಟಲ್ಲಿನಲ್ಲಿ ಎತ್ತರದವನು ಡ್ರಮ್ಮರು. ಎಷ್ಟೋ ಒಳ್ಳೊಳ್ಳೆ ಆಲ್ಬಮ್ಮುಗಳನ್ನು ಈ ಏರಿಸುವ ಚಟದಿಂದಲೇ ಕೆಡಿಸಿ ಇಟ್ಟಿದ್ದಾರೆ. ಪರದೆಯ ಮೇಲೆ ಆ ಹಾಡಿನ ಚಿತ್ರ ನೋಡಿದರೆ ಏರಿಳಿತವೇ ಇಲ್ಲ, ಇಟ್ಟಿಗೆ ಇಟ್ಟ ಹಾಗೆ ಇರುತ್ತದೆ.

ಕಂಪನಿಯವರು ಸುಮ್ಮನಿರಲಿಲ್ಲ. ಬೇರೆ ಯಾರಿಂದಲೋ ಇನ್ನೊಂದು ಮಾಸ್ಟರು ಮಾಡಿಸಿದರು. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಆಫೀಸಿಗೆ ಬನ್ನಿ, ಎರಡನ್ನೂ ಕೇಳಿ, ಬ್ಯಾಂಡಿನ ನಾಲ್ಕೂ ಜನ ಬೇಕಾದ್ದಕ್ಕೆ ಸಹಿ ಹಾಕಲಿ ಎಂದರು. ಕರಾರಿನ ಪ್ರಕಾರ ನಾಲ್ಕೂ ಸಹಿ ಬೇಕು. ಅಕ್ಕನನ್ನೂ ಕರೆದರು. ನನ್ನನ್ನು ಯಾರೂ ಕರೆದಿರಲಿಲ್ಲ, ನಾನು ಹೋದೆ.

ಮೂರನೇ ಮಹಡಿ, ಕಾರ್ಪೆಟ್ಟು, ಗಾಜಿನ ಮೇಜು, ಅದರ ಮೇಲೆ ತಟ್ಟೆ ತುಂಬ ಬಿಸ್ಕತ್ತು, ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ಮ್ಯಾನೇಜರ್ ಕೆಟ್ಟವನಲ್ಲ. ನಗುತ್ತಲೇ ಮಾತಾಡುತ್ತಾನೆ, ಅದೇ ನನಗೆ ಆಗಿಬರಲಿಲ್ಲ. ಮೊದಲು ಅಕ್ಕನ ಮಾಸ್ಟರು ಹಾಕಿದ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಅವರದ್ದು ಹಾಕಿದ. ಬಿಸ್ಕತ್ತಿನ ತಟ್ಟೆ ಗಾಜಿನ ಮೇಲೆ ಕಟಕಟ ಎಂದಿತು. ಗಿಟಾರಿನವನು ಕುರ್ಚಿಯಿಂದ ಎಗರಿದ.

"ಇದು! ಇದು ನೋಡ್ರಪ್ಪಾ ನಮ್ದು! ಎದೇಗೇ ಬಂದು ಗುದ್ತಲ್ಲ!"

ಬೇಸ್ ಬಾರಿಸುವವನು ಹೌದೆಂದ. ಹಾಡುವವನು ಸ್ವಭಾವದಲ್ಲೇ ಮೂಕ, ಹಾಡಿನಲ್ಲಿ ಮಾತ್ರ ಕಿರುಚುತ್ತಾನೆ. ಗೂಳಿ ನೆಲ ನೋಡುತ್ತ ಬಾಯಿಬಿಟ್ಟ.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಇದೇ ಚೆನ್ನಾಗಿದೆ ಅನ್ಸುತ್ತೆ."

ಮುಚ್ಚಿಟ್ಟು ಏನು ಪ್ರಯೋಜನ, ನನಗೂ ಹಾಗೇ ಅನ್ನಿಸಿತ್ತು. ಮೂವತ್ತು ವರ್ಷ ಸ್ಪೀಕರಿನ ಹೊಟ್ಟೆಯೊಳಗೆ ಕೈಯಿಟ್ಟವನು ನಾನು. ಎದೆ ಎದ್ದು ಕುಣಿದಿತ್ತು. ಅಕ್ಕನದು ಅದರ ಮುಂದೆ ನೀರು ಬೆರೆಸಿದ ಟೀ ಆಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಅದನ್ನು ಮ್ಯಾನೇಜರ್ ಮೇಲೆ ಹಾಕಿದೆ.

"ಏನ್ರೀ ಮಸಲತ್ತು ಮಾಡಿದೀರ ಈ ಪೆಟ್ಟಿಗೇಲಿ? ಬಿಚ್ಚಿ ನೋಡ್ತೀನಿ ಈಗ್ಲೇ..."

"ಕೂತ್ಕೊಳೋ" ಎಂದಳು ಅಕ್ಕ. "ಮೊದ್ಲು ನಿನ್ನ ವಾಲ್ಯೂಮ್ ಇಳಿಸು."

ಎಲ್ಲರೂ ನಕ್ಕರು. ನಾನು ಕೂತೆ. ಅಕ್ಕ ಕನ್ನಡಕ ಮೇಲೆ ತಳ್ಳಿಕೊಂಡಳು.

"ಗೂಳಿ, ಬಾರಪ್ಪ ಇಲ್ಲಿ. ಈ ಗುಂಡಿ ಹಿಡ್ಕೋ. ಅವರದ್ದನ್ನ ಇಳಿಸ್ತಾ ಬಾ. ನಿಮ್ಮ ಹಾಡೋನ ಗಂಟಲು ಎರಡರಲ್ಲೂ ಸರಿಸಮ ಆಗೋವರೆಗೂ ಇಳಿಸು. ಆಮೇಲೆ ಕೇಳು."

"ಅದು ಹೆಂಗೆ ಮೇಡಂ?" ಮ್ಯಾನೇಜರ್ ನಗು ಸ್ವಲ್ಪ ಸಡಿಲವಾಯಿತು. "ಜೋರಾಗಿರೋದೇ ನಮ್ಮ ಮಾಸ್ಟರಿನ ಗುಣ. ಅದನ್ನೇ ಇಳಿಸಿಬಿಟ್ರೆ?"

"ಸ್ಟೂಲ್ ಮೇಲೆ ನಿಂತವನನ್ನ ಎತ್ತರ ಅಂತ ಒಪ್ಕೊಳೋಕೆ ಆಗಲ್ಲ. ಕೆಳಗಿಳಿದು ಪಕ್ಕದಲ್ಲಿ ನಿಂತ್ಕೊಳ್ಳಿ ಅಂತಿದೀನಿ, ಅಷ್ಟೇ. ಯಾವ ಕಿವಿಗಾದ್ರೂ ಅಷ್ಟೇ, ಒಂಚೂರು ಜೋರಿದ್ರೆ ಅದೇ ಚೆಂದ ಅನ್ಸುತ್ತೆ. ನನ್ ಕಿವಿಗೂ ಅನ್ಸುತ್ತೆ. ಅದಕ್ಕೇ ನಾನು ಸಮ ಮಾಡದೆ ಏನನ್ನೂ ಹೋಲ್ಸಲ್ಲ."

"ಮನೇಲಿ ಯಾರು ಹಂಗೆ ಸಮ ಮಾಡಿ ಕೇಳ್ತಾರೆ?"

"ಫೋನಲ್ಲಿ ಹಾಡು ಕೇಳ್ಸೋ ಆಪ್‌ಗಳು ಬಹಳಷ್ಟು ಅದೇ ಮಾಡ್ತಾವೆ. ಜೋರಿರೋ ಹಾಡನ್ನ ಅವೇ ಇಳಿಸಿ ಎಲ್ಲಾನೂ ಒಂದು ಮಟ್ಟಕ್ಕೆ ತರ್ತಾವೆ. ನೀವು ಕಷ್ಟಪಟ್ಟು ಏರಿಸಿದ್ದನ್ನ ಅವು ಇಳಿಸಿಬಿಡ್ತಾವೆ. ಕತ್ತರಿಸಿದ ತಲೆ ಮಾತ್ರ ವಾಪಸ್ ಬರಲ್ಲ."

ಆಪರೇಷನ್ ಇನ್ನೂ ಆಗಿರಲಿಲ್ಲ, ಗೂಳಿ ನೋವಿಗೆಂದು ಬಲಗೈಗೆ ಪಟ್ಟಿ ಸುತ್ತಿಕೊಂಡಿದ್ದ. ಎಡಗೈಯಲ್ಲಿ ಗುಂಡಿ ಹಿಡಿದ. ಐದನೇ ಹಾಡು, ಮೂರನೇ ನಿಮಿಷ. ಅವರದ್ದನ್ನು ಇಳಿಸಿದ, ಅಕ್ಕನದಕ್ಕೆ ಬದಲಿಸಿದ, ಮತ್ತೆ ಇಳಿಸಿದ. ಮೂರು ಸಲವಾದ ಮೇಲೆ ಗಂಟಲು ಸಮವಾಯಿತು. ಅಕ್ಕ ತನ್ನ ಚೀಲದಿಂದ ಸದ್ದು ಅಳೆಯುವ ಅಂಗೈಯಗಲದ ಮೀಟರು ತೆಗೆದು ನೋಡಿ ತಲೆಯಾಡಿಸಿದಳು.

"ಈಗ ಕಣ್ಮುಚ್ಚು."

ಮೊದಲು ಅವರದ್ದು. ಒದ್ದೆ ಗೋಣಿಚೀಲಕ್ಕೆ ಚಪ್ಪಲಿಯಿಂದ ಬಡಿದ ಹಾಗೆ, ಪಟ ಪಟ ಪಟ, ಎಲ್ಲ ಪೆಟ್ಟೂ ಒಂದೇ ಅಚ್ಚು. ಗಿಟಾರು ಅದರ ಮೇಲೆ ಕೂತಿತ್ತು. ಆಮೇಲೆ ಅಕ್ಕನದು. ಕೋಲು, ಚರ್ಮ, ಚರ್ಮದ ಕೆಳಗಿನ ತಂತಿ, ಅದರ ಹಿಂದೆ ಒಬ್ಬ ಮನುಷ್ಯ. ಜೋರು, ಕೂದಲೆಳೆಯಷ್ಟು ಮೆತ್ತಗೆ, ಮತ್ತೆ ಸಿಟ್ಟಿನ ಜೋರು.

ಗೂಳಿ ಕಣ್ಣು ಬಿಡಲಿಲ್ಲ. "ಇನ್ನೊಂದ್ಸಲ ಹಾಕಿ" ಎಂದ. ಹಾಕಿದರು. "ಅವರದ್ದು ಹಾಕಿ." ಹಾಕಿದರು. ಆಮೇಲೆ ಕಣ್ಣು ಬಿಟ್ಟು ಮ್ಯಾನೇಜರನ್ನು ಕೇಳಿದ.

"ಸಾರ್, ಇದ್ರಲ್ಲಿ ನಾನೆಲ್ಲಿ?"

ಮ್ಯಾನೇಜರ್ ಬುದ್ಧಿವಂತ. ಗೂಳಿಗೆ ಉತ್ತರ ಕೊಡದೆ ಅಕ್ಕನ ಕಡೆ ತಿರುಗಿದ. "ನೋಡಿ ಮೇಡಂ, ಗುಣಮಟ್ಟ ನೋಡೋರಿಗೆ ಅಂತಲೇ ಲಾಸ್‌ಲೆಸ್ ಪ್ರತಿ ಬಿಡ್ತೀವಲ್ಲ. ಅದ್ರಲ್ಲಿ ಒಂದು ಚೂರೂ ನಷ್ಟ ಆಗಲ್ಲ. ಇದೇ ಮಾಸ್ಟರು ಲಾಸ್‌ಲೆಸ್‌ನಲ್ಲಿ ಕೇಳಿದ್ರೆ..."

"ಲಾಸ್‌ಲೆಸ್ ಅನ್ನೋದು ಡಬ್ಬಿ ಸ್ವಾಮಿ" ಎಂದಳು ಅಕ್ಕ. "ಒಳಗೆ ಹಾಕಿದ್ದನ್ನ ಒಂದು ಚೂರೂ ಚೆಲ್ಲದೆ ತಂದುಕೊಡುತ್ತೆ. ಒಳ್ಳೇ ಡಬ್ಬಿ, ನಾನೂ ಅದ್ರಲ್ಲೇ ಕಳ್ಸೋದು. ನೀವು ಬೋಳುತಲೆ ಹಾಕಿ ಮುಚ್ಚಿದ್ರೆ ಬೋಳುತಲೆಯನ್ನೇ ಜೋಪಾನವಾಗಿ ತಂದ್ಕೊಡುತ್ತೆ. ದಾರೀಲಿ ಕೂದ್ಲು ಬೆಳೆಸಲ್ಲ."

"ಸರಿ ಹಾಗಾದ್ರೆ" ಎಂದು ಮ್ಯಾನೇಜರ್ ಎರಡೂ ಕೈ ಎತ್ತಿದ. "ಲಾಸ್‌ಲೆಸ್ ಡಬ್ಬೀಲಿ ನಿಮ್ದೇ ಇರ್ಲಿ. ಉಳಿದ ಕಡೆ, ಫೋನಲ್ಲಿ ಕೇಳೋರಿಗೆಲ್ಲ, ಜೋರಿನದ್ದು. ಇಬ್ಬರದ್ದೂ ನಡೀತು. ಆಯ್ತಾ?"

ಗಿಟಾರಿನವನು ಮೇಜಿಗೆ ಕೈ ಬಡಿದು "ಆಯ್ತು!" ಎಂದ. ಪೆನ್ನು ಬಂತು. ಅಕ್ಕನಿಗೆ ಏನನ್ನಿಸಿತೋ ನನಗೆ ಗೊತ್ತು, ಆದರೆ ಅದು ಬ್ಯಾಂಡಿನವರ ಆಲ್ಬಮ್ಮು. ಗಿಟಾರಿನವನು ಸಹಿ ಹಾಕಿದ, ಬೇಸಿನವನು ಹಾಕಿದ. ಕಾಗದ ಗೂಳಿಯ ಮುಂದೆ ಬಂತು. ಅವನು ಮುಟ್ಟಲಿಲ್ಲ.

"ನಮ್ ಅಂಗಡೀಲಿ ಹನ್ನೊಂದು ಜನ ಇದೀವಿ ಸಾರ್. ಹನ್ನೊಂದೂ ಜನ ಫೋನಲ್ಲೇ ಕೇಳೋದು. ಅವ್ರಿಗೆ ಗೋಣಿಚೀಲ ಬಡಿದಂಗಿರೋ ಸದ್ದು, ದೊಡ್ಡ ಮೆಷಿನ್ ಇರೋರಿಗೆ ನನ್ ಕೈ. ಅಲ್ವಾ?"

"ಅಯ್ಯೋ ಹಾಗಲ್ಲಪ್ಪ..."

"ಹಾಗೇ. ನಾನು ಹಾಕಲ್ಲ ಸೈನು."

ಗಿಟಾರಿನವನು ಎದ್ದುನಿಂತ. ಮುಖ ಕೆಂಪಾಗಿತ್ತು. "ಏಳು ವರ್ಷ ಕಣೋ! ಏಳು ವರ್ಷ ಒದ್ದಾಡಿ ಒಂದು ಕಂಪನಿ ಸಿಕ್ಕಿದೆ. ನಿನ್ನ ಒಂದು ಕೈಗೋಸ್ಕರ ಎಲ್ಲಾನೂ ಗುಂಡಿಗೆ ತಳ್ತೀಯಾ?"

"ನಿಂಗೆ ಮುಂದಿನ ಆಲ್ಬಮ್ ಇದೆ" ಎಂದ ಗೂಳಿ. ದನಿ ಏರಲಿಲ್ಲ. "ನಂಗೆ ಇಲ್ಲ. ನನ್ನದು ಅಂತ ಇರೋದು ಇದೊಂದೇ. ಇದ್ರಲ್ಲೂ ನಾನು ಇಲ್ದೇ ಹೋದ್ರೆ ಆ ಮೂರು ದಿನ ಐಸಲ್ಲಿ ಕೈ ಯಾಕೆ ಇಟ್ಟೆ ಹೇಳು."

ಹಾಡುವವನು ಕೈ ಚಾಚಿ, ಮೇಜಿನ ಮೇಲಿದ್ದ ಪೆನ್ನಿಗೆ ಮುಚ್ಚಳ ಹಾಕಿ, ಮ್ಯಾನೇಜರ್ ಕಡೆ ಉರುಳಿಸಿದ. ಆವತ್ತು ಅವನು ಆಡಿದ ಮಾತು ಅದೇ. ಬೇಸಿನವನು ಒಂದು ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಬಿಸ್ಕತ್ತಾದ್ರೂ ತಗೊಂಡ್ ಹೋಗಣ" ಎಂದು ನಾಲ್ಕು ಜೇಬಿಗಿಳಿಸಿದ. ಗಿಟಾರಿನವನು ತನ್ನ ಸಹಿ ಇದ್ದ ಕಾಗದವನ್ನು ನೋಡುತ್ತ ನಿಂತಿದ್ದವನು, ಕೊನೆಗೆ ಅದನ್ನು ನಾಲ್ಕಾಗಿ ಹರಿದು ಪ್ಲಾಸ್ಟಿಕ್ ಗಿಡದ ಕುಂಡಕ್ಕೆ ಹಾಕಿದ. ಗೂಳಿಯ ಜೊತೆ ಎರಡು ವಾರ ಮಾತು ಬಿಟ್ಟಿದ್ದ ಅನ್ನುವುದೂ ನಿಜ.

ಬಾಗಿಲವರೆಗೆ ಬಂದು ಮ್ಯಾನೇಜರ್ ಅಕ್ಕನಿಗೆ ಹೇಳಿದ. ನಗುತ್ತಲೇ ಹೇಳಿದ. "ಮೇಡಂ, ಇನ್ನು ನಮ್ಮ ಕಂಪನಿ ಕೆಲಸ ನಿಮಗೆ ಕಳ್ಸೋದು ಕಷ್ಟ ಆಗುತ್ತೆ."

"ಕತ್ತರಿಸಿ ಅಂತ ಕಳ್ಸೋದಾದ್ರೆ ಕಳಿಸಲೇಬೇಡಿ" ಎಂದು ಅಕ್ಕ ಮೆಟ್ಟಿಲು ಇಳಿದಳು.

ಅವನು ಮಾತಿನಂತೆ ನಡೆದುಕೊಂಡ. ಅಕ್ಕನ ಕೆಲಸದಲ್ಲಿ ಅರ್ಧ ಆ ಕಂಪನಿಯದೇ ಆಗಿತ್ತು. ಎಷ್ಟೋ ದಿನ ಹಿಂದಿನ ಕೋಣೆಯಲ್ಲಿ ಸ್ಪೀಕರು ಸುಮ್ಮನಿರುತ್ತಿತ್ತು, ಅವಳು ಜನರ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದಳು. ನನ್ನ ಹೆಂಡತಿ ಒಂದು ದಿನ "ಅತ್ತಿಗೆ, ಒಂಚೂರು ಏರಿಸಿಕೊಟ್ಟಿದ್ರೆ ಏನಾಗ್ತಿತ್ತು?" ಎಂದು ಕೇಳಿದಳು. "ಏನೂ ಆಗ್ತಿರ್ಲಿಲ್ಲ ಕಣೆ. ಮುಂದಿನವ್ರಿಗೂ ಒಂಚೂರು ಏರಿಸಿ ಕೊಡ್ತಿದ್ದೆ, ಅಷ್ಟೇ" ಎಂದಳು ಅಕ್ಕ.

ಬ್ಯಾಂಡಿನವರು ಆಲ್ಬಮ್ಮನ್ನು ತಾವೇ ಹೊರತಂದರು. ಫೋನಿಗೂ, ಡಿಸ್ಕಿಗೂ, ಲಾಸ್‌ಲೆಸ್ಸಿಗೂ ಒಂದೇ ಮಾಸ್ಟರು. ಕಂಪನಿ ತಂದಿದ್ದರೆ ಎಷ್ಟು ಜನರಿಗೆ ಮುಟ್ಟುತ್ತಿತ್ತೋ ಅದರ ಕಾಲುಭಾಗಕ್ಕೂ ಮುಟ್ಟಿಲ್ಲ. ಯಾರೋ ಒಬ್ಬ, ಡಿಸ್ಕಿನಲ್ಲಿ ಸದ್ದು ಕಮ್ಮಿ, ಮುದುಕಿಯ ಕಿವಿ ಹೋಗಿದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದ. ನಾನು ಅವನ ಮನೆ ಹುಡುಕಿಕೊಂಡು ಹೋಗುವವನಿದ್ದೆ. ಅಕ್ಕ ತಾನೇ ಉತ್ತರ ಬರೆದಳು: "ಹೌದು, ತೀರಾ ಮೇಲಿನ ಸದ್ದು ನನಗೀಗ ಕೇಳುವುದಿಲ್ಲ, ಪರೀಕ್ಷೆ ಮಾಡಿಸಿದ್ದೇನೆ, ಅದಕ್ಕೆ ಮೀಟರು ಇಟ್ಟುಕೊಂಡಿದ್ದೇನೆ. ನಿಮಗೆ ಎಲ್ಲ ಕೇಳುತ್ತದಲ್ಲ, ಗುಂಡಿ ತಿರುಗಿಸಿ, ಜೋರು ಮಾಡಿಕೊಂಡು ಕೇಳಿ."

ಗೂಳಿಯ ಆಪರೇಷನ್ ಆಯಿತು. ಮಣಿಕಟ್ಟು ಈಗ ಬಾಗಿಲ ಅಗುಳಿಯ ಹಾಗೆ ಗಟ್ಟಿ. ಬ್ಯಾಂಡಿಗೆ ಹೊಸ ಡ್ರಮ್ಮರು ಬಂದಿದ್ದಾಳೆ, ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು, ಕಡ್ಡಿಯಂಥ ಹೆಂಗಸು. ಆ ಎಂಟು ಹಾಡು ಕಲಿಯಬೇಕಲ್ಲ, ಅದಕ್ಕೆ ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಕೋಣೆಗೆ ಬರುತ್ತಾಳೆ. ಗೂಳಿ ಪಕ್ಕದಲ್ಲಿ ಕೂತು ಹಾಡು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾನೆ. ಅವಳು ರಬ್ಬರಿನ ತುಂಡಿನ ಮೇಲೆ ಬಾರಿಸುತ್ತಾಳೆ. ಹೋದ ವಾರ ಐದನೇ ಹಾಡಿಗೆ ಬಂದಿದ್ದರು.

"ಇಲ್ಲಿ ಮೆತ್ತಗಾಗಿದೆಯಲ್ಲ, ಇದು ತಪ್ಪಾ?" ಎಂದಳು ಅವಳು.

"ತಪ್ಪಲ್ಲ. ಹಂಗೇ ಬಾರ್ಸು. ಮುಂದಿನದಕ್ಕೆ ಸಿಟ್ಟು ಬರ್ಬೇಕು."

ಬಾರಿಸಿದಳು. ಅಲ್ಲ ಎಂದ. ಮತ್ತೆ ಬಾರಿಸಿದಳು. ಅಲ್ಲ ಎಂದ. ಹದಿನೈದು ಸಲವಾದ ಮೇಲೆ ಅವಳು ಕೋಲನ್ನು ನೆಲಕ್ಕೆ ಎಸೆದು, "ನಿಮ್ ಯಜಮಾನಿಕೆ ಸಾಕು ಕಣ್ರೀ, ಕೈ ನೋಯ್ತಿದೆ ನಂಗೆ!" ಎಂದು ಕೂಗಿದಳು.

ಗೂಳಿ ಬಗ್ಗಿ ಎಡಗೈಯಲ್ಲಿ ಕೋಲು ಎತ್ತಿ ಅವಳ ಕೈಗಿಟ್ಟ.

"ಹಾಂ. ಈಗ ಬಾರ್ಸು."